ಗಡಿಯಾರ ಮುಂದೆ, ಸೂರ್ಯ ಹಿಂದೆ: ಮಲೇಷ್ಯಾದ ನಿದ್ದೆಯ ಕುರಿತು ಒಂದು ಟಿಪ್ಪಣಿ

ಫೆಬ್ರವರಿ ಎರಡನೆಯ ವಾರ ಕ್ವಾಲಾಲಂಪುರದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 7.28ಕ್ಕೆ. ಅಷ್ಟು ಹೊತ್ತಿಗೆ ಅಲ್ಲಿನ ಎಷ್ಟೋ ಶಾಲೆಗಳ ಮೊದಲ ಗಂಟೆ ಹತ್ತಿರ ಬಂದಿರುತ್ತದೆ. ದೂರದಿಂದ ಬರುವ ಮಗು ಐದೂವರೆಗೆ ಎದ್ದರೆ ಅದು ಸೂರ್ಯೋದಯಕ್ಕೆ ಸುಮಾರು ಎರಡು ಗಂಟೆ ಮೊದಲು ಎದ್ದಂತೆ. ನಿದ್ದೆಗೇಡಿನ ಮಾತು ಬಂದಾಗ ನಾವು ಮೊಬೈಲು, ಕಾಫಿ, ಚಿಂತೆ ಎಂದು ವ್ಯಕ್ತಿಯ ಅಭ್ಯಾಸಗಳನ್ನೇ ದೂರುತ್ತೇವೆ. ಆ ದೂರಿನಲ್ಲಿ ಸತ್ಯವಿದೆ. ಆದರೆ ಮಲೇಷ್ಯಾದ ಪರ್ಯಾಯ ದ್ವೀಪದ ಮಟ್ಟಿಗೆ ಇನ್ನೊಂದು ಕಾರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಈ ಟಿಪ್ಪಣಿಯ ವಾದ. ಅಲ್ಲಿ ಕಾನೂನಿನ ಗಡಿಯಾರ ಸೂರ್ಯನಿಗಿಂತ ಒಂದು ಗಂಟೆಗೂ ಹೆಚ್ಚು ಮುಂದೆ ಓಡುತ್ತಿದೆ.

ಲೆಕ್ಕ ಸರಳವಾಗಿದೆ. ಕ್ವಾಲಾಲಂಪುರ ಇರುವುದು ಪೂರ್ವ ರೇಖಾಂಶ 101.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅದರ ಸಹಜ ಸೌರಕಾಲ ಗ್ರೀನಿಚ್‌ಗಿಂತ 6 ಗಂಟೆ 47 ನಿಮಿಷ ಮುಂದು. ಗಡಿಯಾರ ಮಾತ್ರ 8 ಗಂಟೆ ಮುಂದಿದೆ. ಹಾಗಾಗಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಮಧ್ಯಾಹ್ನ 1.13ಕ್ಕೆ. 8 ಗಂಟೆಯ ವ್ಯತ್ಯಾಸಕ್ಕೆ ಆಧಾರವಾದ 120 ಡಿಗ್ರಿ ರೇಖೆ ಮಲೇಷ್ಯಾದ ನೆಲವನ್ನು ಎಲ್ಲಿಯೂ ಮುಟ್ಟುವುದಿಲ್ಲ. ಸಬಾ ರಾಜ್ಯದ ಪೂರ್ವ ತುದಿಯೂ ಅದಕ್ಕಿಂತ ಪಶ್ಚಿಮಕ್ಕೇ ಇದೆ. ಭೂಮಧ್ಯರೇಖೆಗೆ ಇಷ್ಟು ಹತ್ತಿರದ ಊರಿನಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆದರೂ ಸೂರ್ಯೋದಯ ನವೆಂಬರ್ ಮೊದಲ ವಾರದ 6.58ರಿಂದ ಫೆಬ್ರವರಿಯ 7.28ರವರೆಗೆ ಸರಿಯುತ್ತದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಈ ಅರ್ಧ ಗಂಟೆಯ ಏರಿಳಿತಕ್ಕೆ ಮುಖ್ಯ ಕಾರಣ ಅದೇ.

ಗಡಿಯಾರ ಹೀಗೆ ಮುಂದೆ ಹೋದದ್ದು ಒಂದೇ ಸಲಕ್ಕಲ್ಲ. 1905ರ ಜೂನ್ 1ರಂದು ಬ್ರಿಟಿಷ್ ಆಡಳಿತದ ಮಲಯ ಗ್ರೀನಿಚ್‌ಗಿಂತ 7 ಗಂಟೆ ಮುಂದಿನ ಪ್ರಮಾಣ ಕಾಲವನ್ನು ಒಪ್ಪಿತು. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು 1933ರ ಜನವರಿ 1ರಿಂದ 20 ನಿಮಿಷ ಸೇರಿತು. 1941ರ ಸೆಪ್ಟೆಂಬರ್‌ನಲ್ಲಿ ಮತ್ತೆ 10 ನಿಮಿಷ. 1942ರಲ್ಲಿ ಜಪಾನೀ ಸೇನೆ ಟೋಕಿಯೋ ಕಾಲವನ್ನು ಹೇರಿತು. ಆಗ ಕ್ವಾಲಾಲಂಪುರದ ನಡುಹಗಲು ಗಡಿಯಾರದಲ್ಲಿ ಎರಡು ಗಂಟೆ ದಾಟಿರುತ್ತಿತ್ತು. 1945ರಲ್ಲಿ ಏಳೂವರೆಯ ಲೆಕ್ಕ ಮರಳಿತು. ಕೊನೆಯ ಹೆಜ್ಜೆ ಮಹಾತೀರ್ ಮೊಹಮದ್ ಪ್ರಧಾನಿಯಾಗಿದ್ದಾಗ ಇಟ್ಟದ್ದು. ಪರ್ಯಾಯ ದ್ವೀಪವನ್ನೂ ಸಬಾ, ಸರಾವಾಕ್‌ಗಳನ್ನೂ ಒಂದೇ ಕಾಲಕ್ಕೆ ತರಲು 1981ರಲ್ಲಿ ಕಾಯ್ದೆ ಬಂತು. 1982ರ ಜನವರಿ 1ರಂದು ಪರ್ಯಾಯ ದ್ವೀಪದ ಗಡಿಯಾರಗಳು ಅರ್ಧ ಗಂಟೆ ಮುಂದೆ ಸರಿದವು. ಸಿಂಗಪುರವೂ ಅಂದೇ ಜೊತೆಗೂಡಿತು. ಯುದ್ಧಕಾಲದ ಅಪವಾದವನ್ನು ಬಿಟ್ಟರೆ ಎಲ್ಲ ಬದಲಾವಣೆಗಳೂ ಒಂದೇ ದಿಕ್ಕಿನವು, ಮತ್ತು ಅವುಗಳ ಮೊತ್ತ 1932ಕ್ಕೆ ಹೋಲಿಸಿದರೆ ಸರಿಯಾಗಿ ಒಂದು ಗಂಟೆ.

ಕನ್ನಡದ ಓದುಗರಿಗೆ ಅಳತೆ ಸಿಗಲು ಬೆಂಗಳೂರನ್ನು ನೋಡಬಹುದು. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.20ಕ್ಕೆ, ಮಂಗಳೂರಿನಲ್ಲಿ 12.31ಕ್ಕೆ. 1932ರ ಕ್ವಾಲಾಲಂಪುರದಲ್ಲಿ ಅದು 12.13. ಅಂದರೆ ಆಗಿನ ಕ್ವಾಲಾಲಂಪುರದ ಬೆಳಗು ಇಂದಿನ ಬೆಂಗಳೂರಿನ ಬೆಳಗಿಗೆ ಹತ್ತಿರವಿತ್ತು.

ಗಡಿಯಾರ ಸರಿದ ಮಾತ್ರಕ್ಕೆ ಯಾರ ನಿದ್ದೆಯೂ ಕಡಿಮೆಯಾಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಶಾಲೆ, ಕಚೇರಿ, ಊಟ, ಮಲಗುವ ಹೊತ್ತು ಎಲ್ಲವೂ ಒಟ್ಟಿಗೆ ಸರಿದರೆ ಉಳಿಯುವುದು ಅಂಕಿಗಳ ಬದಲಾವಣೆ ಮಾತ್ರ. ತೊಂದರೆ ಹುಟ್ಟುವುದು ಬೆಳಗಿನ ಗಂಟೆ ಗಡಿಯಾರಕ್ಕೆ ಕಟ್ಟಿಕೊಂಡು, ರಾತ್ರಿಯ ನಿದ್ದೆ ಸೂರ್ಯನಿಗೆ ಕಟ್ಟಿಕೊಂಡು ಉಳಿದಾಗ. ನಿದ್ದೆ ಸೂರ್ಯನಿಗೆ ಕಟ್ಟಿಕೊಂಡಿದೆ ಎನ್ನಲು ಗಟ್ಟಿಯಾದ ಆಧಾರಗಳಿವೆ. ಮೆದುಳಿನ ಹೈಪೋಥಲಾಮಸ್‌ನಲ್ಲಿರುವ ಪುಟ್ಟ ನರಕೋಶ ಗುಂಪೊಂದು ದೇಹದ ದಿನಚರಿಯನ್ನು ನಡೆಸುತ್ತದೆ. ಅದರ ಸಹಜ ಸುತ್ತು 24 ಗಂಟೆಗಿಂತ ತುಸು ಉದ್ದ, ಸರಾಸರಿ 24.2 ಗಂಟೆ. ಬೆಳಗಿನ ಬೆಳಕು ಅದನ್ನು ದಿನವೂ ಹಿಂದಕ್ಕೆಳೆದು ಸರಿಪಡಿಸುತ್ತದೆ. ಸಂಜೆಯ ಬೆಳಕು ಮೆಲಟೋನಿನ್ ಸ್ರವಿಸುವುದನ್ನು ತಡೆದು ನಿದ್ದೆಯ ಹೊತ್ತನ್ನು ಮುಂದೂಡುತ್ತದೆ. ಕತ್ತಲಲ್ಲಿ ಎದ್ದು ಏಳೂಕಾಲರವರೆಗೂ ಸಂಜೆಯ ಬೆಳಕಿನಲ್ಲಿರುವವನಿಗೆ ಈ ಎರಡೂ ಪ್ರತಿಕೂಲ.

ಅಮೆರಿಕದ ಕಾಲವಲಯಗಳ ಗಡಿಯಲ್ಲಿ ಅಕ್ಕಪಕ್ಕ ಇದ್ದೂ ಗಡಿಯಾರ ಬೇರೆಯಾದ ಜಿಲ್ಲೆಗಳನ್ನು ಜುಂಟೆಲ್ಲಾ ಮತ್ತು ಮಜ್ಜೋನ್ನಾ ಎಂಬ ಸಂಶೋಧಕರು ಹೋಲಿಸಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತಡವಾಗಿ ಸೂರ್ಯಾಸ್ತವಾಗುವ ಕಡೆಯವರು ಸರಾಸರಿ 19 ನಿಮಿಷ ಕಡಿಮೆ ನಿದ್ರಿಸುತ್ತಿದ್ದರು. ನನಗೆ ಹೆಚ್ಚು ಮುಖ್ಯವೆನಿಸುವುದು ಭಾರತದ ಮಕ್ಕಳ ಬಗ್ಗೆ ಮೌಲಿಕ್ ಜಗ್ನಾನಿ ಮಾಡಿದ ಕೆಲಸ. ಇಡೀ ದೇಶಕ್ಕೆ ಒಂದೇ ಗಡಿಯಾರವಿರುವುದರಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಸೂರ್ಯಾಸ್ತದಲ್ಲಿ ದೊಡ್ಡ ಅಂತರವಿದೆ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಬೆಳಗಿನ ಶಾಲೆ ಅದಕ್ಕೆ ತಕ್ಕಂತೆ ತಡವಾಗುವುದಿಲ್ಲವಷ್ಟೆ. ಇದು ಮಲೇಷ್ಯಾದ ಅಂಕಿಯಲ್ಲ. ಆದರೆ 1932ರಿಂದ ಈಚೆಗೆ ಕ್ವಾಲಾಲಂಪುರದ ಸೂರ್ಯಾಸ್ತ ಗಡಿಯಾರದಲ್ಲಿ ಅಷ್ಟೇ, ಅಂದರೆ ಒಂದು ಗಂಟೆಯೇ, ತಡವಾಗಿದೆ ಎಂಬುದನ್ನು ಕಡೆಗಣಿಸಲಾಗದು.

ಒಂದು ಎಚ್ಚರಿಕೆ. ಕತ್ತಲಲ್ಲಿ ಏಳುವುದೇ ಹಾನಿ ಎಂದು ಹೇಳಲಾಗುವುದಿಲ್ಲ. ತಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ ಸಮುದಾಯಗಳ ನಿದ್ದೆಯನ್ನು ಅಳೆದ 2015ರ ಅಧ್ಯಯನದ ಪ್ರಕಾರ, ವಿದ್ಯುತ್ತಿಲ್ಲದ ಆ ಜನರೂ ಸಾಮಾನ್ಯವಾಗಿ ಸೂರ್ಯ ಹುಟ್ಟುವ ಮೊದಲೇ ಏಳುತ್ತಿದ್ದರು; ಮಲಗುತ್ತಿದ್ದುದು ಸೂರ್ಯಾಸ್ತವಾಗಿ ಸರಾಸರಿ 3.3 ಗಂಟೆಯ ಮೇಲೆ. ಆ ಲೆಕ್ಕವನ್ನು ಕ್ವಾಲಾಲಂಪುರಕ್ಕೆ ಹಚ್ಚಿದರೆ ನಿದ್ದೆ ಹತ್ತುವ ಹೊತ್ತು ರಾತ್ರಿ ಹತ್ತೂವರೆ. ಐದೂವರೆಗೆ ಏಳಬೇಕಾದ ವಯಸ್ಕನಿಗೆ ಏಳು ಗಂಟೆ ಸಿಕ್ಕಿತು, ಸಾಲದೆನ್ನಲಾಗದು. ಆದರೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ಹೇಳುತ್ತದೆ. ಕನಿಷ್ಠ ಒಂಬತ್ತು ಗಂಟೆಗೂ ಆ ಮಗು ಎಂಟೂವರೆಗೇ ನಿದ್ದೆಗೆ ಜಾರಬೇಕು. ಆಗ ಮಸೀದಿಗಳಲ್ಲಿ ರಾತ್ರಿಯ ಇಶಾ ನಮಾಜಿನ ಹೊತ್ತು. ಊರು ಇನ್ನೂ ಊಟಕ್ಕೆ ಕೂತಿರುತ್ತದೆ, ಪಸಾರ್ ಮಾಲಮ್ ಎಂಬ ರಾತ್ರಿ ಸಂತೆಯಲ್ಲಿ ಜನ ತುಂಬಿರುತ್ತಾರೆ.

ನಮಾಜಿನ ವೇಳೆಯೇ ಈ ವಿಷಯವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಬೆಳಗಿನ ಸುಬುಹ್ ಪ್ರಾರ್ಥನೆ ಸೂರ್ಯನನ್ನು ಅನುಸರಿಸುತ್ತದೆ. ಗಡಿಯಾರ ಮುಂದೆ ಹೋದಾಗ ಅದರ ಅಂಕಿಯೂ ಮುಂದೆ ಹೋಗಿ ಈಗ ಆರರ ಆಸುಪಾಸಿನಲ್ಲಿದೆ. ನಮ್ಮ ಬ್ರಾಹ್ಮೀ ಮುಹೂರ್ತವೂ ಹಾಗೆಯೇ, ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗುವುದು. ಫೆಬ್ರವರಿಯ ಕ್ವಾಲಾಲಂಪುರದಲ್ಲಿ ಅದು 5.52. ಆ ತಿಂಗಳಲ್ಲಿ ಎರಡು ಧರ್ಮಗಳ ಎರಡು ಹಳೆಯ ಲೆಕ್ಕಗಳೂ ಶಾಲಾ ಮಗುವನ್ನು ಐದೂವರೆಗೆ ಎಬ್ಬಿಸುವುದಿಲ್ಲ. ಎಬ್ಬಿಸುವುದು ಶಾಲೆಯ ವೇಳಾಪಟ್ಟಿ.

ವೇಳಾಪಟ್ಟಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಸಿಂಗಪುರದಲ್ಲಿ ಒಂದು ಉತ್ತರವಿದೆ. ಅದೇ ಗಡಿಯಾರ, ಹೆಚ್ಚುಕಡಿಮೆ ಅದೇ ಸೂರ್ಯ. ಅಲ್ಲಿನ ನನ್ಯಾಂಗ್ ಬಾಲಕಿಯರ ಪ್ರೌಢಶಾಲೆ 2016ರಲ್ಲಿ ತರಗತಿಗಳ ಆರಂಭವನ್ನು 7.30ರಿಂದ 8.15ಕ್ಕೆ ಸರಿಸಿತು. ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಶಾಲೆಯ ಮೈಕೆಲ್ ಚೀ ಮತ್ತು ಸಂಗಡಿಗರು ಅಳೆದು ನೋಡಿದಾಗ, ಒಂದು ತಿಂಗಳಲ್ಲಿ ಹುಡುಗಿಯರು ಹಾಸಿಗೆಯಲ್ಲಿರುವ ಸಮಯ 23 ನಿಮಿಷ ಹೆಚ್ಚಿತ್ತು. ಒಂಬತ್ತು ತಿಂಗಳ ಬಳಿಕವೂ ನಿಜವಾದ ನಿದ್ದೆ ಮೊದಲಿಗಿಂತ 10 ನಿಮಿಷ ಹೆಚ್ಚಾಗಿಯೇ ಉಳಿದಿತ್ತು. ಹತ್ತು ನಿಮಿಷ ಸಣ್ಣದೆಂದು ತೋರಬಹುದು. ಮಲಗಲು ತಡಮಾಡುವ ಚಾಳಿ ಬಹುಪಾಲು ಲಾಭವನ್ನು ತಿಂದುಹಾಕುತ್ತದೆ ಎಂಬ ಸಾಮಾನ್ಯ ಆಕ್ಷೇಪಕ್ಕೆ ಇದು ಅರ್ಧ ಒಪ್ಪಿಗೆ, ಅರ್ಧ ಉತ್ತರ.

ಕೆಲಸಕ್ಕಾಗಿ ಕರ್ನಾಟಕದಿಂದ ಹೋಗಿ ನೆಲೆಸಿದ ಕುಟುಂಬಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋದವರು ಗಡಿಯಾರವನ್ನು ಎರಡೂವರೆ ಗಂಟೆ ತಿರುಗಿಸುತ್ತಾರೆ. ಸೂರ್ಯನ ಲೆಕ್ಕದಲ್ಲಿ ಅವರು ಸರಿದದ್ದು 1 ಗಂಟೆ 36 ನಿಮಿಷ ಮಾತ್ರ. ಬೆಂಗಳೂರಿನಲ್ಲಿ ಆರಕ್ಕೆ ಏಳುತ್ತಿದ್ದವರು ಅಲ್ಲಿಯೂ ಆರಕ್ಕೇ ಎದ್ದರೆ, ಸೂರ್ಯನ ಲೆಕ್ಕದಲ್ಲಿ 54 ನಿಮಿಷ ಮೊದಲು ಎದ್ದಂತಾಗುತ್ತದೆ, ಅದೂ ಪ್ರತಿದಿನ. ಊರಿನ ಕರೆಯೂ ಇದಕ್ಕೆ ಸೇರುತ್ತದೆ. ಇಲ್ಲಿ ಊಟ ಮುಗಿಸಿ ಎಂಟೂವರೆಗೆ ಅಮ್ಮ ಫೋನು ಮಾಡಿದರೆ ಅಲ್ಲಿ ಹನ್ನೊಂದು. ಮೊಮ್ಮಕ್ಕಳ ಮುಖ ನೋಡಬೇಕೆಂಬ ಅಜ್ಜ ಅಜ್ಜಿಯರಿಗೆ ಸಂಜೆ ಐದೂವರೆಯ ಹೊತ್ತನ್ನು ಗೊತ್ತುಮಾಡಿಕೊಟ್ಟರೆ, ಅಲ್ಲಿನ ಮಗು ಎಂಟಕ್ಕೆ ಮಾತಾಡಿ ಮಲಗಬಹುದು.

ಉಳಿದ ಸಲಹೆಗಳೂ ಈ ಲೆಕ್ಕದಿಂದಲೇ ಬರುತ್ತವೆ. ಏಳೂವರೆಯಿಂದ ಎಂಟೂವರೆಯೊಳಗೆ ಒಮ್ಮೆ ಬಯಲ ಬೆಳಕಿಗೆ ಹೋಗುವುದು, ಸೂರ್ಯ ಮುಳುಗಿದ ಮೇಲೆ ಮನೆಯ ದೀಪಗಳನ್ನು ಮಂದ ಮಾಡುವುದು. ರಾತ್ರಿಯಿಡೀ ತೆರೆದಿರುವ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ತೆಹ್ ತಾರಿಕ್ ಚಹಾ ರುಚಿಯಾದದ್ದೇ, ಆದರೆ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ನಿದ್ದೆಗೆ ಮೈಯ ಒಳಶಾಖ ಇಳಿಯಬೇಕು. ರಾತ್ರಿಯೂ 24 ಡಿಗ್ರಿಗಿಂತ ಹೆಚ್ಚು ಇಳಿಯದ ತೇವದ ಹವೆಯಲ್ಲಿ ಫ್ಯಾನಿನ ಗಾಳಿ ಅಥವಾ ಎ.ಸಿ. ಅಲ್ಲಿ ಐಷಾರಾಮವಲ್ಲ. ಜೋರಾದ ಗೊರಕೆ, ನಡುನಡುವೆ ಉಸಿರು ಕಟ್ಟುವುದು ಇದ್ದವರು ಗಡಿಯಾರದ ಮೇಲೆ ಹೊರಿಸದೆ ವೈದ್ಯರನ್ನು ಕಾಣಬೇಕು.

ಈ ವಾದವನ್ನು ಒರೆಗೆ ಹಚ್ಚಲು ಮಲೇಷ್ಯಾಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಸಬಾದ ಕೋಟಾ ಕಿನಬಾಲು 116 ಡಿಗ್ರಿಯಲ್ಲಿದೆ. ಅಲ್ಲಿನ ನಡುಹಗಲು 12.16. ಒಂದೇ ದೇಶ, ಒಂದೇ ಗಡಿಯಾರ, ಸೂರ್ಯನಲ್ಲಿ ಮಾತ್ರ 57 ನಿಮಿಷದ ಅಂತರ. ಎರಡೂ ಊರಿನ ಒಂದೇ ವಯಸ್ಸಿನ ಮಕ್ಕಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಶಾಲೆಯ ದಿನ ಮತ್ತು ರಜೆಯ ದಿನದ ನಿದ್ದೆಯನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಪ್ರತಿ ಶಾಲೆಯ ಆರಂಭದ ವೇಳೆಯನ್ನೂ ಮನೆಯಿಂದ ಹೊರಡುವ ವೇಳೆಯನ್ನೂ ಜೊತೆಗೇ ದಾಖಲಿಸದಿದ್ದರೆ ಹೋಲಿಕೆ ಕೆಡುತ್ತದೆ. ರಂಜಾನ್ ತಿಂಗಳನ್ನು ಪ್ರತ್ಯೇಕವಾಗಿ ಇಡಬೇಕು, ಏಕೆಂದರೆ ತರಾವೀಹ್ ಪ್ರಾರ್ಥನೆಗೂ ನಸುಕಿನ ಸಹೂರ್ ಊಟಕ್ಕೂ ನಡುವಿನ ರಾತ್ರಿ ಎರಡೂ ಕಡೆ ಚಿಕ್ಕದು. ರಜೆಯಲ್ಲಿ ಎರಡು ಊರಿನ ಮಕ್ಕಳೂ ಸಮನಾಗಿ ನಿದ್ರಿಸಿ, ಶಾಲೆಯ ದಿನಗಳಲ್ಲಿ ಮಾತ್ರ ಪಶ್ಚಿಮದವರ ನಿದ್ದೆ ಕಡಿಮೆ ಕಂಡರೆ, ತಾಯ್ತಂದೆಯರಿಗೆ ಬುದ್ಧಿ ಹೇಳುವ ಮೊದಲು ಶಿಕ್ಷಣ ಇಲಾಖೆ ತನ್ನ ಗಂಟೆಯನ್ನು ಸರಿಸಬೇಕಾಗುತ್ತದೆ.