ಗೋಡೆಗೆ ಹಿಡಿದದ್ದು, ಮನೆಯವರ ಮೇಲೆ ಬಂದದ್ದು

ಬೂಷ್ಟು ಹಿಡಿಯಿತು ಅನ್ನುತ್ತೇವೆ. ಕನ್ನಡದಲ್ಲಿ ತುಕ್ಕು ಹಿಡಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಹುಚ್ಚೂ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಯಾರೂ ಕಬ್ಬಿಣವನ್ನು ಬೈಯುವುದಿಲ್ಲ. ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಮಾತ್ರ ಮೊದಲ ಪ್ರಶ್ನೆ ಅಲ್ಲಿರುವವರಿಗೇ ಬರುತ್ತದೆ: ಕಿಟಕಿ ತೆಗೆಯುವುದಿಲ್ಲವೇ? ಬಟ್ಟೆ ಒಳಗೇ ಒಣಹಾಕುತ್ತೀರಾ? ಮುಂಬೈ, ಪುಣೆಯ ಮಳೆಗಾಲ ಕಂಡ ಬಾಡಿಗೆದಾರರಿಗೆ ಈ ಮಾತು ಹೊಸದಲ್ಲ. ತಪ್ಪು ಗೋಡೆಯದೋ ಮನೆಯವರದೋ ಎಂಬ ಈ ಜಗಳ ಬಹಳ ಹಳೆಯದು.

ನಮಗೆ ಸಿಕ್ಕಿರುವ ಅತಿ ಹಳೆಯ ವಿಧಿಗಳಲ್ಲೊಂದು ಹೀಬ್ರೂ ಬೈಬಲಿನ ಯಾಜಕಕಾಂಡದಲ್ಲಿದೆ, 14ನೇ ಅಧ್ಯಾಯ. ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಕಲೆ ಕಂಡರೆ ಮನೆಯ ಯಜಮಾನ ಯಾಜಕನಿಗೆ ತಿಳಿಸಬೇಕು. ಯಾಜಕ ಬರುವ ಮೊದಲು ಸಾಮಾನೆಲ್ಲ ಹೊರಗೆ ಹೋಗಬೇಕು. ಕಲೆ ಗೋಡೆಯ ಒಳಕ್ಕೆ ಇಳಿದಂತೆ ಕಂಡರೆ 7 ದಿನ ಮನೆ ಮುಚ್ಚಬೇಕು. ಆಮೇಲೂ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಒಳಗೋಡೆಯ ಗಾರೆಯನ್ನೆಲ್ಲ ಕೆರೆದು ಊರಾಚೆ ಸುರಿಯಬೇಕು. ಹೊಸ ಕಲ್ಲು, ಹೊಸ ಗಾರೆ ಹಾಕಿದ ಮೇಲೂ ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು.

ಈ ಕಲೆಗೆ ಅಲ್ಲಿರುವ ಹೀಬ್ರೂ ಪದ 'ತ್ಸಾರಾಅತ್'. ಮನುಷ್ಯನ ಚರ್ಮಕ್ಕೆ, ಬಟ್ಟೆಗೆ, ಗೋಡೆಗೆ ಬರುವ ಮೂರು ಬಗೆಯ ಕೇಡಿಗೂ ಅದೇ ಪದ. ಹಳೆಯ ಇಂಗ್ಲಿಷ್ ಅನುವಾದಗಳು ಇದನ್ನು ಕುಷ್ಠ ಅಂದವು. ಮನೆಯ ವಿಷಯ ಬಂದಾಗ ಹೊಸ ಅನುವಾದಗಳು ಬೂಷ್ಟು ಅನ್ನುತ್ತವೆ. ನಾನು ಗಮನಿಸಿದ್ದು ಇನ್ನೊಂದು ಸಂಗತಿ. ಆ ವಿಧಿಯಲ್ಲಿ ಮನೆಯವನ ನಡತೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಪರೀಕ್ಷೆ ಗೋಡೆಗೆ, ಚಿಕಿತ್ಸೆಯೂ ಗೋಡೆಗೆ. ನಡತೆ ಒಳಗೆ ಬಂದದ್ದು ಶತಮಾನಗಳ ನಂತರ, ವ್ಯಾಖ್ಯಾನಗಳಲ್ಲಿ. ನೆರೆಯವರು ಪಾತ್ರೆ ಕೇಳಿದರೆ ಇಲ್ಲ ಅನ್ನುವ ಜಿಪುಣನ ಮನೆಗೆ ಇದು ಬರುತ್ತದೆ, ಸಾಮಾನೆಲ್ಲ ಹೊರಗೆ ಇಟ್ಟಾಗ ಅವನ ಬಣ್ಣ ಬಯಲಾಗುತ್ತದೆ ಎಂದು ತಾಲ್ಮುದ್ ವಿವರಿಸಿತು.

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಆರೋಪಿ ಬದಲಾಯಿತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಸೊಗಸಾದ ಹಸಿರು ಬಣ್ಣವೊಂದನ್ನು ಮಾಡಿದ್ದ. ಆ ಬಣ್ಣದ, ಅದರಂಥ ಬಣ್ಣಗಳ ವಾಲ್‌ಪೇಪರ್ ಮನೆಮನೆಗೂ ಬಂತು. ಅಂಥ ಕೋಣೆಗಳಲ್ಲಿ ಜನ ಕಾಯಿಲೆ ಬೀಳತೊಡಗಿದರು. ತೇವದ ಕೋಣೆಗಳಲ್ಲಿ ವಿಚಿತ್ರ ವಾಸನೆ ಬರುತ್ತದೆ, ಕಾಗದ ಕಿತ್ತುಹಾಕಿ ಎಂದು ಜರ್ಮನ್ ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ಗ್ಮೆಲಿನ್ 1839ರಲ್ಲೇ ಎಚ್ಚರಿಸಿದ್ದ. 1890ರ ದಶಕದಲ್ಲಿ ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ ಆರ್ಸೆನಿಕ್ ಬೆರೆಸಿದ ಆಲೂಗೆಡ್ಡೆಯ ಮೇಲೆ ಬೂಷ್ಟು ಬೆಳೆಸಿದ. ಅದು ಬೆಳ್ಳುಳ್ಳಿ ವಾಸನೆಯ ಅನಿಲವನ್ನು ಬಿಟ್ಟಿತು. ಸಾವುಗಳ ಗುಟ್ಟು ಸಿಕ್ಕಿತು ಎಂದು ಎಲ್ಲರೂ ನಂಬಿದರು. ಆ ಅನಿಲ ಟ್ರೈಮೀಥೈಲ್ ಆರ್ಸೀನ್ ಎಂದು 1930ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಚಾಲೆಂಜರ್ ಗುರುತಿಸಿದರು.

ಆದರೆ 2005ರಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತೆರೆದು, ಆ ಅನಿಲ ಅಷ್ಟು ವಿಷಕಾರಿಯಲ್ಲ ಎಂದು ತೋರಿಸಿದರು. ಆರ್ಸೆನಿಕ್ ವಿಷವೆಂಬುದರಲ್ಲಿ ಅನುಮಾನವಿಲ್ಲ. ಬಣ್ಣದ ಪುಡಿ ಉದುರಿ ಮೈಗೆ ಸೇರುವುದೂ ಅಪಾಯವೇ. ಆದರೆ ಒಂದು ಶತಮಾನ ಎಲ್ಲರ ಕಣ್ಣು ಆ ಅನಿಲದ ಮೇಲಿತ್ತು. ಗೋಡೆ ಏಕೆ ಒದ್ದೆಯಾಗಿತ್ತು ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯಿತು.

ಆ ಸಣ್ಣ ಪ್ರಶ್ನೆಯೇ ದೊಡ್ಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿತು. ಒದ್ದೆ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ, ಉಸಿರಾಟದ ಸೋಂಕು ಹೆಚ್ಚು. ಇಷ್ಟು ಬೂಷ್ಟಿದ್ದರೆ ಪರವಾಗಿಲ್ಲ ಎಂಬ ಲೆಕ್ಕವನ್ನು ಅದು ಕೊಡಲಿಲ್ಲ. ತೇವ ತಡೆಯಿರಿ, ಇರುವುದನ್ನು ತೆಗೆಯಿರಿ ಎಂದಿತು.

ವಿಜ್ಞಾನ ಗೋಡೆಯ ಕಡೆ ತಿರುಗಿದರೂ ಜನರನ್ನು ದೂರುವುದು ನಿಲ್ಲಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಸುಡಾನಿನಿಂದ ಬಂದಿದ್ದ ಕುಟುಂಬವೊಂದು ವಸತಿ ಸಂಸ್ಥೆಯ ಫ್ಲ್ಯಾಟಿನಲ್ಲಿತ್ತು. ಬೂಷ್ಟಿನ ಬಗ್ಗೆ ತಂದೆ 2017ರಲ್ಲಿ ದೂರಿದಾಗ, ಮೇಲೆ ಪೇಂಟ್ ಹೊಡೆಯಿರಿ ಎಂಬ ಉತ್ತರ ಸಿಕ್ಕಿತು. 2020ರ ಡಿಸೆಂಬರಿನಲ್ಲಿ ಅವರ 2 ವರ್ಷದ ಮಗು ಅವಾಬ್ ಇಶಾಕ್ ತೀರಿಕೊಂಡಿತು. ಬೂಷ್ಟಿನ ನಡುವೆ ಬಹುಕಾಲ ಇದ್ದದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣ ಎಂದು 2022ರ ನವೆಂಬರಿನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಮಾನಿಸಿದರು. ಆ ಫ್ಲ್ಯಾಟಿನಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಕಷ್ಟಿರಲಿಲ್ಲ. ಅವರ ಜೀವನಶೈಲಿಯೇ ಕಾರಣ ಎಂದು ಊಹಿಸಿದ್ದು ತಪ್ಪು ಎಂದು ಸಂಸ್ಥೆಯೂ ಒಪ್ಪಿಕೊಂಡಿತು.

ಅವಾಬನ ಹೆಸರಿನ ನಿಯಮ 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ ಜಾರಿಯಲ್ಲಿದೆ. ಜೀವಕ್ಕೆ ಅಪಾಯವಿದ್ದರೆ 24 ಗಂಟೆಯೊಳಗೆ ಸರಿಪಡಿಸಬೇಕು. ಗಂಭೀರ ತೇವ, ಬೂಷ್ಟನ್ನು 10 ಕೆಲಸದ ದಿನಗಳಲ್ಲಿ ಪರೀಕ್ಷಿಸಿ, ಆಮೇಲೆ 5 ಕೆಲಸದ ದಿನಗಳಲ್ಲಿ ಅಪಾಯ ನೀಗಿಸಬೇಕು. ಯಾಜಕನ 7 ದಿನದ ಲೆಕ್ಕ ಓದಿದವರಿಗೆ ಇದು ಅಪರಿಚಿತ ಅನ್ನಿಸದು: ಬಂದು ನೋಡು, ಗಡುವಿನಲ್ಲಿ ಗೋಡೆಯನ್ನು ಸರಿಮಾಡು.

ನಮ್ಮಲ್ಲಿ ಇಂಥ ಗಡುವಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ಮೂಲ ರಿಪೇರಿ, ನೀರಿನ ಪೈಪು ಬದಲಿಸುವುದು, ಸುಣ್ಣಬಣ್ಣ ಮಾಲೀಕರ ಹೊಣೆ ಅನ್ನುತ್ತದೆ, ಕರಾರಿನಲ್ಲಿ ಬೇರೆ ಬರೆಯದಿದ್ದರೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿ ಕಾನೂನು ಮಾಡಬೇಕು. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ರಿಪೇರಿಯ ಸಾಲು ಓದಿ. ಹೊಸ ಪೇಂಟಿನ ಮನೆಯಾದರೆ ಕಪಾಟಿನ ಹಿಂದೆ, ಬಾತ್‌ರೂಮಿಗೆ ತಾಗಿದ ಗೋಡೆಯಲ್ಲಿ ಮುಟ್ಟಿ ನೋಡಿ. ಮನೆಗೆ ಬಂದ ದಿನವೇ ಗೋಡೆಗಳ ಫೋಟೊ ತೆಗೆದಿಡಿ. ದೂರು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿರಲಿ.

ಕಲೆ ಸಣ್ಣದಾದರೆ, ಸುಮಾರು 10 ಚದರ ಅಡಿಯೊಳಗೆ, ಮಾಸ್ಕ್ ಮತ್ತು ಗ್ಲೌಸ್ ಹಾಕಿ ಸೋಪಿನ ನೀರಿನಿಂದ ಉಜ್ಜಿ ಪೂರ್ತಿ ಒಣಗಿಸಿ. ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಈ ಕೆಲಸಕ್ಕೆ ಕೈಹಾಕಬಾರದು. ಬ್ಲೀಚನ್ನು ಟಾಯ್ಲೆಟ್ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಹುಟ್ಟುತ್ತದೆ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ. ಸ್ನಾನ, ಅಡುಗೆಯ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಓಡಲಿ. ಇಷ್ಟು ನಿಮ್ಮ ಕೈಲಾಗುವುದು. ಮೇಲಿನ ಮನೆಯ ಪೈಪು ಸೋರುತ್ತಿದ್ದರೆ, ಹೊರಗೋಡೆ ಬಿರುಕು ಬಿಟ್ಟಿದ್ದರೆ, ಎಷ್ಟು ಕಿಟಕಿ ತೆಗೆದರೂ ಬೂಷ್ಟು ಮತ್ತೆ ಬರುತ್ತದೆ. ಕಿಟಕಿ ತೆಗೆಯುವುದಿಲ್ಲವೇ ಎಂದು ಕೇಳಿದವರಿಗೆ ಆಗ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬರುತ್ತಿದೆ?