ಹಳೆಯ ಚರೆಕೋವಿಗಳ ಮುದ್ರೆಗಳು: ಒಂದು ಸಾಕ್ಷ್ಯವಿಚಾರ

ಶಾಸನವಿಲ್ಲದ ವಸ್ತುವಿನ ಕಾಲನಿರ್ಣಯವು ಕಷ್ಟಸಾಧ್ಯವೇ ಸರಿ. ಶಾಸನವಿದ್ದು ಅದೇ ಸುಳ್ಳಾಗಿದ್ದರೆ ಕಷ್ಟವು ಇಮ್ಮಡಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಜೋಡುನಳಿಗೆಯ ಚರೆಕೋವಿಗಳು ಇದಕ್ಕೆ ನಿದರ್ಶನ. ಪಕ್ಕದ ಫಲಕದಲ್ಲಿ ಕೊರೆದ ಹೆಸರಿನಿಂದಲೇ ತಯಾರಕನನ್ನು ನಿರ್ಣಯಿಸುವ ವಾಡಿಕೆಯು ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

ಬೆಲ್ಜಿಯಮ್ಮಿನಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಅನೇಕ ಅಗ್ಗದ ಕೋವಿಗಳ ಮೇಲೆ 'ಡಬ್ಲ್ಯು. ರಿಚರ್ಡ್ಸ್' ಎಂಬ ಹೆಸರಿದೆ. ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯ ಕೋವಿಯೆಂದು ಕೊಳ್ಳುವವನು ಭ್ರಮಿಸುವುದು ಸಹಜ. ಆದರೆ ಕೋವಿಯನ್ನು ಬಿಚ್ಚಿದಾಗ ನಳಿಗೆಯ ಅಡಿಯಲ್ಲಿ ಕಾಣುವ ಪರೀಕ್ಷಾಮುದ್ರೆಯು ಬೇರೆಯದನ್ನೇ ಹೇಳುತ್ತದೆ. ಅಂಡಾಕಾರದೊಳಗಿನ 'ಇ ಎಲ್ ಜಿ' ಅಕ್ಷರಗಳು ಲೀಜ್ ಪಟ್ಟಣದ ಪರೀಕ್ಷಾಲಯದವು. ಅವುಗಳ ಮೇಲೆ ಕಿರೀಟವಿದ್ದರೆ ಮುದ್ರೆಯು 1893ಕ್ಕಿಂತ ಹಿಂದಿನದಲ್ಲ.

ಈ ಮುದ್ರೆಗಳಿಗೆ ಬೆಲೆ ಬಂದುದು ಕಾನೂನಿನಿಂದ. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯವು 1813ರ ಶಾಸನದಿಂದ ಸ್ಥಾಪಿತವಾಯಿತು. ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸಿದಾಗ ಒಡೆಯದೆ ಉಳಿದ ನಳಿಗೆಗೆ ಮಾತ್ರ ಮುದ್ರೆ ಬೀಳುತ್ತಿದ್ದಿತು. ತುದಿ ಕಿರಿದಾದ ನಳಿಗೆಗಳ ಮೇಲೆ ಒತ್ತುತ್ತಿದ್ದ 'ನಾಟ್ ಫಾರ್ ಬಾಲ್' ಎಂಬ ಇಂಗ್ಲಿಷ್ ಎಚ್ಚರಿಕೆಯು 1875ರಿಂದ 1887ರವರೆಗಿನದು. ಆದುದರಿಂದ ಅದು ಕಾಲನಿರ್ಣಯಕ್ಕೆ ಬಹಳ ಸಹಾಯಕ.

ಆದರೂ ಮುದ್ರೆಯನ್ನು ಓದುವಲ್ಲಿ ಎಚ್ಚರ ಬೇಕು. '13' ಎಂಬ ಅಂಕಿಯನ್ನು ಕಂಡೊಡನೆ ತೋಟಾ ಹದಿಮೂರರದೆಂದು ಭಾವಿಸಲಾಗದು. 0.710 ಅಂಗುಲದ ಅಳತೆಗೋಲು ನಳಿಗೆಯಲ್ಲಿ ಹೊಕ್ಕು, 0.729 ಅಂಗುಲದ್ದು ಹೊಗಲಿಲ್ಲವೆಂಬುದಷ್ಟೇ ಅದರ ಅರ್ಥ. ಅಂತಹ ಎಷ್ಟೋ ಕೋವಿಗಳಿಗೆ ಹನ್ನೆರಡರ ತೋಟಾ ಸಲ್ಲುತ್ತದೆ.

ಇನ್ನು ಬಿಡಿಭಾಗಗಳ ವಿಚಾರ. ಆ ಕಾಲದ ಕುಶಲಕರ್ಮಿಗಳು ಪ್ರತಿಯೊಂದು ಕುದುರೆಯನ್ನೂ ಸ್ಪ್ರಿಂಗನ್ನೂ ಅರದಿಂದ ಉಜ್ಜಿ, ಆಯಾ ಕೋವಿಗೇ ಕೂಡಿಸುತ್ತಿದ್ದರು. ಆದುದರಿಂದ ಅದೇ ತಯಾರಕನ ಮತ್ತೊಂದು ಕೋವಿಯ ಭಾಗವೂ ನೇರವಾಗಿ ಹೊಂದುವುದು ಅಪೂರ್ವ. ನುರಿತವನು ಅದನ್ನು ತಿದ್ದಿ ಕೂಡಿಸಬೇಕಾಗುತ್ತದೆ. ನಳಿಗೆಯನ್ನೇ ಬದಲಾಯಿಸಿದರಂತೂ ಮುದ್ರೆಯ ಸಾಕ್ಷ್ಯವು ಆ ನಳಿಗೆಗೆ ಮಾತ್ರ ಅನ್ವಯಿಸುವುದೇ ಹೊರತು ಇಡೀ ಕೋವಿಗಲ್ಲ. ಕಪ್ಪುಮದ್ದಿಗೆ ಮಾತ್ರ ಪರೀಕ್ಷಿತವಾದ ನಳಿಗೆಯಲ್ಲಿ ಆಧುನಿಕ ಮದ್ದಿನ ತೋಟಾವನ್ನು ಹಾರಿಸುವುದು ಪ್ರಾಣಾಪಾಯಕರವೆಂಬುದನ್ನೂ ಮರೆಯಲಾಗದು.

ಆದಕಾರಣ, ತೆಗೆದ ಹಳೆಯ ಭಾಗವನ್ನು ಎಸೆಯದೆ ಕೋವಿಯೊಡನೆಯೇ ಇರಿಸಿ, ಬದಲಾವಣೆಯನ್ನು ಬರೆದಿಡುವುದು ಸಂಗ್ರಹಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಸವೆದ ಮೂಲಭಾಗವೂ ಸಾಕ್ಷಿಯೇ. ಅದನ್ನು ಕಳೆದುಕೊಂಡ ದುರಸ್ತಿಯು ವಸ್ತುವನ್ನು ಉಳಿಸಿ ಅದರ ಇತಿಹಾಸವನ್ನು ಅಳಿಸುತ್ತದೆ.