ಎರಡು ಕೆರೆಗಳ ನಡುವಿನ ನೆಲ

ಸಾರ್ವಜನಿಕ ಉದ್ದೇಶಕ್ಕೆಂದು ಸರ್ಕಾರ ಪಡೆದ ನೆಲ ಕಂಪನಿಗಳ ಕೈ ಸೇರುವಾಗ ಯಾರ ಹಿತ ನೋಡಬೇಕು? ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ದಿತು.

ಅಗರ ಕೆರೆ ತುಂಬಿದಾಗ ನೀರು ಬೆಳ್ಳಂದೂರಿಗೆ ಹರಿಯುವ ದಾರಿ ಇದು. 1966ರ ಕಾಯ್ದೆಯಡಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಇಲ್ಲಿನ ಭೂಮಿ ಸ್ವಾಧೀನಪಡಿಸಿಕೊಂಡು ಐ.ಟಿ. ಪಾರ್ಕ್, ವಸತಿ, ಹೋಟೆಲುಗಳ ಯೋಜನೆಗಳಿಗೆ ಖಾಸಗಿಯವರಿಗೆ ನೀಡಿತು. ಉದ್ಯೋಗ ಸಿಗುತ್ತದೆ ಎಂಬುದು ಒಂದು ವಾದ. ರಾಜಕಾಲುವೆ ಮುಚ್ಚಿದರೆ ಕೆರೆಯೇ ಉಳಿಯದು ಎಂಬುದು ನಾಗರಿಕ ಸಂಘಟನೆಗಳ ವಾದ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಇಬ್ಬರು ನಿರ್ಮಾಣದಾರರಿಗೆ ಯೋಜನಾ ವೆಚ್ಚದ ಶೇ 5ರಷ್ಟು ದಂಡ ವಿಧಿಸಿತು. 2016ರಲ್ಲಿ ನಗರದ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದಿತು. ನಗರದ ಮಹಾಯೋಜನೆಯಲ್ಲಿದ್ದುದು 30 ಮೀಟರ್ ಮಾತ್ರ. ಅದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಆ ಆದೇಶವನ್ನು ರದ್ದುಪಡಿಸಿತು.

ಅಂದರೆ ಕೆರೆಯ ಭವಿಷ್ಯ ನಿರ್ಧಾರವಾಗುವುದು ಯೋಜನೆ ಬರೆಯುವ ಹೊತ್ತಿನಲ್ಲೇ. ಜನ ಮಾತನಾಡಬೇಕಾದುದೂ ಆಗಲೇ. ಹುಮನಾಬಾದಿನ ಕೈಗಾರಿಕಾ ಪ್ರದೇಶವೂ ಇದೇ ಮಂಡಳಿಯದು. ಆದ್ದರಿಂದ ಈ ಪಾಠ ಗೋರ್ಟಾದಂಥ ಊರುಗಳಿಗೂ ದೂರದ್ದಲ್ಲ.